ಹೆಪಟೈಟಿಸ್ ಇದ್ದವರಿಗೆ ಫ್ಯಾಟಿ ಲಿವರ್ ಬಂದರೆ ತಪ್ಪು ಯಾರದು: ವೈರಸ್ಸಿನದೋ, ಜೀನಿನದೋ, ಊಟದ್ದೋ?

"ನಮ್ಮ ಮನೆತನದಲ್ಲೇ ಲಿವರ್ ವೀಕು." ಈ ಮಾತು ನೀವೂ ಎಲ್ಲೋ ಕೇಳಿರುತ್ತೀರಿ. ದೊಡ್ಡಪ್ಪ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಹೋದರು, ಅಮ್ಮನಿಗೆ ಯಾವಾಗಲೋ ಕಾಮಾಲೆ ಆಗಿತ್ತು, ಈಗ ಮಗ ರಕ್ತದಾನಕ್ಕೆ ಹೋದರೆ ಹೆಪಟೈಟಿಸ್ ಬಿ ಪಾಸಿಟಿವ್ ಅಂತ ಹೇಳಿ ಕಳಿಸಿದ್ದಾರೆ, ಸ್ಕ್ಯಾನಿಂಗ್ ಮಾಡಿಸಿದರೆ 'ಗ್ರೇಡ್ 2 ಫ್ಯಾಟಿ ಲಿವರ್' ಅಂತ ಬೇರೆ ಬಂದಿದೆ. ಎಲ್ಲವನ್ನೂ ಗಂಟು ಕಟ್ಟಿ ವಂಶದ ತಲೆ ಮೇಲೆ ಹಾಕಿ ಸುಮ್ಮನಾಗಿಬಿಡುತ್ತಾರೆ.

ಆದರೆ ಒಂದು ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಸಂಗತಿಗಳು ಮೂರು. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಹೆಪಟೈಟಿಸ್ ಬಿ ವೈರಸ್ ದಾಟಬಹುದು. ಅಪ್ಪ, ಅಮ್ಮ ಇಬ್ಬರಿಂದಲೂ ಜೀನ್ ಬರುತ್ತದೆ. ಅಡುಗೆಮನೆಯಿಂದ ಊಟದ ಅಭ್ಯಾಸ ಬರುತ್ತದೆ. ಹೊರಗಿನಿಂದ ನೋಡಿದರೆ ಮೂರೂ ವಂಶದ ಕಾಯಿಲೆ ಥರವೇ ಕಾಣುತ್ತವೆ. ವೈರಸ್ಸಿಗೆ ಲಸಿಕೆ, ಮಾತ್ರೆ ಇದೆ. ಊಟ ನಮ್ಮ ಕೈಯಲ್ಲೇ ಇದೆ. ಜೀನನ್ನು ಬದಲಾಯಿಸಲು ಆಗುವುದಿಲ್ಲ, ಆದರೆ ಅದು ಎಷ್ಟು ಕಾಟ ಕೊಡುತ್ತದೆ ಅನ್ನುವುದು ಉಳಿದ ಎರಡರ ಮೇಲೆ ನಿಂತಿದೆ. ಈ ಲೇಖನದಲ್ಲಿ ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಈ ಕೊನೆಯ ಮಾತನ್ನೇ.

ಮೊದಲು ಒಂದಿಷ್ಟು ಅಂಕಿ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 25.4 ಕೋಟಿ ಜನರಿಗೆ ಹೆಪಟೈಟಿಸ್ ಬಿ, 5 ಕೋಟಿ ಜನರಿಗೆ ಹೆಪಟೈಟಿಸ್ ಸಿ ಇತ್ತು. ಭಾರತದ ಪಾಲು ಬಿ 2.98 ಕೋಟಿ, ಸಿ 55 ಲಕ್ಷ. ಇನ್ನೊಂದು ಕಡೆ, ದೆಹಲಿಯ ಏಮ್ಸ್ ವೈದ್ಯರ ತಂಡ ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಹಾಕಿದ ಲೆಕ್ಕದಲ್ಲಿ ವಯಸ್ಕರಲ್ಲಿ ಶೇ. 38ಕ್ಕೂ ಹೆಚ್ಚು ಜನರಿಗೆ ಫ್ಯಾಟಿ ಲಿವರ್ ಇದೆ. ಕುಡಿತದಿಂದ ಬಂದದ್ದು ಈ ಲೆಕ್ಕದಲ್ಲಿ ಇಲ್ಲ. ಅಂದಮೇಲೆ ಎರಡೂ ಒಬ್ಬರಲ್ಲೇ ಸಿಗುವುದರಲ್ಲಿ ಆಶ್ಚರ್ಯ ಏನಿದೆ? ಹೆಪಟೈಟಿಸ್ ಬಿ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಲಿವರ್‌ನಲ್ಲಿ ಕೊಬ್ಬು ಕಾಣುತ್ತದೆ, ಅಂದರೆ ವೈರಸ್ ಇಲ್ಲದವರಿಗಿಂತ ಜಾಸ್ತಿ ಏನಲ್ಲ. ಹೆಪಟೈಟಿಸ್ ಸಿಯಲ್ಲಿ ಮಾತ್ರ ಸುಮಾರು ಅರ್ಧದಷ್ಟು ಜನರಲ್ಲಿ ಕಾಣುತ್ತದೆ. ಈ ವ್ಯತ್ಯಾಸದಲ್ಲೇ ಅರ್ಧ ಕಥೆ ಇದೆ.

ಲಿವರ್‌ನಲ್ಲಿ ಕೊಬ್ಬು ಸೇರುವುದು ಜಮಾ ಖರ್ಚಿನ ಲೆಕ್ಕ. ಜಮಾ ಆಗುವುದು ಮೂರು ದಾರಿಯಿಂದ. ಊಟದ ಕೊಬ್ಬು ನೇರವಾಗಿ ಬರುತ್ತದೆ, ಅದು ಕಡಿಮೆ. ಹೊಟ್ಟೆ ಸೊಂಟದ ಬೊಜ್ಜು ಕರಗಿ ರಕ್ತದ ಮೂಲಕ ಬರುತ್ತದೆ, ಅದು ಅತಿ ಹೆಚ್ಚು. ಮೂರನೆಯದು, ನಾವು ತಿಂದ ಅನ್ನ, ಸಕ್ಕರೆ, ಮೈದಾದಿಂದ ಲಿವರ್ ತಾನೇ ಕೊಬ್ಬು ತಯಾರಿಸುತ್ತದೆ. "ನಾನು ತುಪ್ಪ ಮುಟ್ಟಲ್ಲ ಡಾಕ್ಟ್ರೇ, ಕರಿದದ್ದು ತಿನ್ನಲ್ಲ, ಆದ್ರೂ ಫ್ಯಾಟಿ ಲಿವರ್ ಹೇಗೆ?" ಅನ್ನುವ ಪ್ರಶ್ನೆಗೆ ಇದೇ ಉತ್ತರ. ಇನ್ನು ಖರ್ಚು ಎರಡು ದಾರಿಯಿಂದ. ಒಂದಿಷ್ಟನ್ನು ಲಿವರ್ ಅಲ್ಲೇ ಉರಿಸುತ್ತದೆ. ಉಳಿದದ್ದನ್ನು ವಿಎಲ್‌ಡಿಎಲ್ ಅನ್ನುವ ಸಣ್ಣ ಕಣಗಳಲ್ಲಿ ತುಂಬಿ ರಕ್ತಕ್ಕೆ ಕಳಿಸುತ್ತದೆ. ಜಮಾ ಜಾಸ್ತಿಯಾದರೂ ಅಷ್ಟೆ, ಖರ್ಚಿನ ದಾರಿ ಕಟ್ಟಿಕೊಂಡರೂ ಅಷ್ಟೆ, ಕೊಬ್ಬು ಉಳಿಯುತ್ತದೆ. ವೈರಸ್ ಮತ್ತು ಜೀನ್ ಎರಡೂ ಕೈ ಹಾಕುವುದು ಹೆಚ್ಚಾಗಿ ಖರ್ಚಿನ ಕಡೆಗೆ, ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದು ಸುಲಭ.

ಹೆಪಟೈಟಿಸ್ ಸಿ ವೈರಸ್ಸಿಗೆ ಕೊಬ್ಬು ಬೇಕೇ ಬೇಕು. ಜೀವಕೋಶದ ಒಳಗಿನ ಕೊಬ್ಬಿನ ಹನಿಗಳ ಮೇಲೆ ಕೂತೇ ಅದು ತನ್ನ ಹೊಸ ಪ್ರತಿಗಳನ್ನು ಜೋಡಿಸಿಕೊಳ್ಳುತ್ತದೆ. ಹೊರಗೆ ಹೋಗುವಾಗಲೂ ವಿಎಲ್‌ಡಿಎಲ್ ಹೋಗುವ ದಾರಿಯನ್ನೇ ಬಳಸಿಕೊಂಡು, ಕೊಬ್ಬನ್ನು ಮೈಗೆ ಅಂಟಿಸಿಕೊಂಡು ರಕ್ತಕ್ಕೆ ಇಳಿಯುತ್ತದೆ. ಈ ಗಲಾಟೆಯಲ್ಲಿ ಲಿವರ್‌ನ ಕೊಬ್ಬು ಹೊರಹೋಗುವುದು ಕಡಿಮೆಯಾಗುತ್ತದೆ. ಸಿ ವೈರಸ್ಸಿನಲ್ಲಿ ಹಲವು ಬಗೆಗಳಿವೆ, ಅವುಗಳಲ್ಲಿ ಜೀನೋಟೈಪ್ 3 ಅನ್ನುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಂದೆ. ಅದು ಹಿಡಿದವರಲ್ಲಿ ತೂಕ ಸರಿಯಾಗಿದ್ದರೂ, ಶುಗರ್ ಇಲ್ಲದಿದ್ದರೂ ಲಿವರ್ ಕೊಬ್ಬಾಗುತ್ತದೆ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಹೆಚ್ಚಿದಷ್ಟೂ ಕೊಬ್ಬು ಹೆಚ್ಚು. ಮಾತ್ರೆ ತಿಂದು ವೈರಸ್ ಹೋದರೆ ಕೊಬ್ಬೂ ಇಳಿಯುತ್ತದೆ. ತಪ್ಪು ಯಾರದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಭಾರತದಲ್ಲಿ ಅತಿ ಹೆಚ್ಚು ಇರುವುದು ಈ ಜೀನೋಟೈಪ್ 3. ಪಂಜಾಬ್, ಹರಿಯಾಣದ ಕಡೆ ಇದರದೇ ರಾಜ್ಯಭಾರ. ದಕ್ಷಿಣಕ್ಕೆ ಬಂದಂತೆ ಜೀನೋಟೈಪ್ 1ರ ಪಾಲು ಹೆಚ್ಚುತ್ತದೆ. ಜೀನೋಟೈಪ್ 1 ಇರುವವರಲ್ಲಿ ಕೊಬ್ಬು ಸಿಕ್ಕರೆ ಬರೀ ವೈರಸ್ಸನ್ನು ಬೈದು ಕೂರುವ ಹಾಗಿಲ್ಲ, ಸೊಂಟದ ಅಳತೆ, ಶುಗರ್, ಜೀನ್ ಎಲ್ಲವೂ ಚಿತ್ರಕ್ಕೆ ಬರುತ್ತವೆ.

ಹೆಪಟೈಟಿಸ್ ಬಿ ಕಥೆಯೇ ಬೇರೆ, ಸ್ವಲ್ಪ ವಿಚಿತ್ರವೂ ಹೌದು. ಲಿವರ್‌ನಲ್ಲಿ ಕೊಬ್ಬು ಇರುವ ಬಿ ರೋಗಿಗಳಲ್ಲಿ ವೈರಲ್ ಲೋಡ್ ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಬಿ ಸೋಂಕು ಇದೆ ಅಂತ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎಸ್‌ಎಜಿ ತಾನಾಗಿಯೇ ನೆಗೆಟಿವ್ ಆಗುವುದೂ ಅಂಥವರಲ್ಲಿ ಸ್ವಲ್ಪ ಜಾಸ್ತಿ ಅಂತ ಹಾಂಕಾಂಗ್ ಕಡೆಯ ಸಂಶೋಧಕರು ಬರೆದಿದ್ದಾರೆ. ಇದನ್ನು ಓದಿ "ಹಾಗಾದ್ರೆ ಫ್ಯಾಟಿ ಲಿವರ್ ಒಳ್ಳೇದೇ ಅಲ್ವಾ" ಅಂದುಕೊಂಡರೆ ಕೆಟ್ಟಿರಿ. ವೈರಸ್ ಜೊತೆ ಬೊಜ್ಜು, ಶುಗರ್ ಸೇರಿದರೆ ಸಿರೋಸಿಸ್ (ಲಿವರ್ ಪೂರ್ತಿ ಕಲೆಗಟ್ಟಿ ಗಟ್ಟಿಯಾಗುವುದು) ಮತ್ತು ಲಿವರ್ ಕ್ಯಾನ್ಸರ್ ಅಪಾಯ ಹಲವು ಪಟ್ಟು ಏರುತ್ತದೆ ಅನ್ನುವುದು ತೈವಾನ್‌ನಲ್ಲಿ ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದರಿಂದ ಗೊತ್ತಾಗಿದೆ. ಇನ್ನೂ ಒಂದು ಪೇಚು ಇದೆ. ಬಿ ರೋಗಿಯ ಎಸ್‌ಜಿಪಿಟಿ (ಲಿವರ್‌ಗೆ ಗಾಯವಾದಾಗ ರಕ್ತದಲ್ಲಿ ಏರುವ ಕಿಣ್ವ) 65 ಇದೆ, ವೈರಲ್ ಲೋಡ್ ಕಡಿಮೆ ಇದೆ ಅಂದುಕೊಳ್ಳಿ. ಇದು ವೈರಸ್ ಮಾಡುತ್ತಿರುವ ಗಾಯವೋ, ಕೊಬ್ಬು ಮಾಡುತ್ತಿರುವುದೋ? ವೈರಲ್ ಲೋಡ್ ಕಡಿಮೆ ಅಂತ ಒಬ್ಬ ವೈದ್ಯರು ಮಾತ್ರೆ ಬೇಡ ಅನ್ನಬಹುದು, ಇನ್ನೊಬ್ಬರು ಎಸ್‌ಜಿಪಿಟಿ ನೋಡಿ ಶುರು ಮಾಡಬಹುದು. 2024ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಪೇಚನ್ನು ಸ್ವಲ್ಪ ಬಿಡಿಸಿತು. ಬಿ ಇರುವವರಿಗೆ ಜೊತೆಗೆ ಶುಗರ್ ಅಥವಾ ಫ್ಯಾಟಿ ಲಿವರ್ ಇದ್ದರೆ ಅದನ್ನೇ ಚಿಕಿತ್ಸೆ ಶುರು ಮಾಡಲು ಒಂದು ಕಾರಣವಾಗಿ ಸೇರಿಸಿತು. ನನಗೆ ಇದು ಸರಿಯಾದ ಹೆಜ್ಜೆ ಅನ್ನಿಸುತ್ತದೆ. ಬಿ ವೈರಸ್ಸನ್ನು ಹತ್ತಿಕ್ಕುವ ಟೆನೊಫೊವಿರ್ ಮಾತ್ರೆ ಅಗ್ಗ, ವರ್ಷಗಟ್ಟಲೆ ತಿಂದ ಅನುಭವ ಇದೆ, ಕಾಯುವುದರಿಂದ ಆಗುವ ನಷ್ಟವೇ ದೊಡ್ಡದು.

ಈಗ ಜೀನಿಗೆ ಬರೋಣ.

2008ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಹೆಲೆನ್ ಹಾಬ್ಸ್, ಜೊನಾಥನ್ ಕೋಹೆನ್ ಅವರ ತಂಡ ಒಂದು ಕೆಲಸ ಮಾಡಿತು. ಡಲ್ಲಾಸ್ ಹಾರ್ಟ್ ಸ್ಟಡಿ ಅನ್ನುವ ದೊಡ್ಡ ಅಧ್ಯಯನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಲಿವರ್ ಕೊಬ್ಬನ್ನು ಎಂಆರ್ ಯಂತ್ರದಲ್ಲಿ ಅಳೆದಿದ್ದರು. ಹಿಸ್ಪಾನಿಕ್ (ಲ್ಯಾಟಿನ್ ಅಮೆರಿಕ ಮೂಲದ) ಜನರಲ್ಲಿ ಕೊಬ್ಬು ತುಂಬಾ ಜಾಸ್ತಿ, ಆಫ್ರಿಕನ್ ಮೂಲದವರಲ್ಲಿ ಬೊಜ್ಜು ಇದ್ದರೂ ಲಿವರ್ ಕೊಬ್ಬು ಕಡಿಮೆ. ಯಾಕೆ? ಸಾವಿರಾರು ಜೀನ್ ವ್ಯತ್ಯಾಸಗಳನ್ನು ಜಾಲಾಡಿದಾಗ ಒಂದು ಎದ್ದು ನಿಂತಿತು. 22ನೇ ಕ್ರೋಮೋಸೋಮಿನ ಮೇಲಿನ ಪಿಎನ್‌ಪಿಎಲ್‌ಎ3 ಅನ್ನುವ ಜೀನ್. ಅದರ ಪ್ರೋಟೀನಿನ 148ನೇ ಜಾಗದಲ್ಲಿ ಐಸೊಲ್ಯೂಸಿನ್ ಅನ್ನುವ ಅಮೈನೋ ಆಮ್ಲದ ಬದಲು ಮೆಥಿಯೊನಿನ್ ಬಂದಿದ್ದರೆ, ಅದೂ ಅಪ್ಪ ಅಮ್ಮ ಇಬ್ಬರಿಂದಲೂ ಬಂದಿದ್ದರೆ, ಲಿವರ್ ಕೊಬ್ಬು ಎರಡು ಪಟ್ಟಿಗೂ ಜಾಸ್ತಿ. ಒಂದೇ ಒಂದು ಅಕ್ಷರದ ಬದಲಾವಣೆ. ಕೊಬ್ಬಿನ ಹನಿ ಕರಗಿಸುವ ಇನ್ನೊಂದು ಕಿಣ್ವಕ್ಕೆ ಒಬ್ಬ ಸಹಾಯಕ ಪ್ರೋಟೀನ್ ಇದ್ದಾನೆ. ಬದಲಾದ ಪಿಎನ್‌ಪಿಎಲ್‌ಎ3 ಹನಿಯ ಮೇಲೆ ಗುಂಪುಗಟ್ಟಿ ಕೂತು ಆ ಸಹಾಯಕನನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಕೊಬ್ಬು ಕರಗುವುದೇ ಇಲ್ಲ. ಖರ್ಚಿನ ದಾರಿ ಅಲ್ಲಿ ಕಟ್ಟಿತು.

ನಮ್ಮ ಕಡೆ ಇದು ಅಪರೂಪ ಅಂದುಕೊಳ್ಳಬೇಡಿ. ದಕ್ಷಿಣ ಏಷ್ಯಾದವರಲ್ಲಿ ಜೀನಿನ ಈ ಬದಲಾದ ಪ್ರತಿಯ ಪಾಲು ಸುಮಾರು ಶೇ. 25. ಲೆಕ್ಕ ಹಾಕಿದರೆ ನೂರರಲ್ಲಿ 40ಕ್ಕೂ ಹೆಚ್ಚು ಜನರ ಬಳಿ ಕನಿಷ್ಠ ಒಂದು ಪ್ರತಿ ಇರುತ್ತದೆ, ಆರೇಳು ಜನರ ಬಳಿ ಎರಡೂ. ಅಂದರೆ ಒಂದು ಮದುವೆ ಪಂಕ್ತಿಯಲ್ಲಿ ನಿಮ್ಮ ಆಚೆ ಈಚೆ ಕೂತವರಲ್ಲಿ ಒಬ್ಬರ ಹತ್ತಿರವಾದರೂ ಇರುವ ಸಾಧ್ಯತೆಯೇ ಹೆಚ್ಚು. ಇಷ್ಟು ಸಾಮಾನ್ಯವಾದದ್ದನ್ನು 'ವಂಶದ ದೋಷ' ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ವೈರಸ್ ಇದ್ದವರಲ್ಲಿ ಈ ಜೀನ್ ಏನು ಮಾಡುತ್ತದೆ? 2011ರಲ್ಲಿ ಯುರೋಪಿನ ಎರಡು ತಂಡಗಳು ಹೆಪಟೈಟಿಸ್ ಸಿ ರೋಗಿಗಳಲ್ಲಿ ಇದನ್ನು ನೋಡಿದವು. ಎರಡು ಪ್ರತಿ ಇದ್ದವರಲ್ಲಿ ಕೊಬ್ಬು ಜಾಸ್ತಿ ಇತ್ತು, ಲಿವರ್ ಗಟ್ಟಿಯಾಗುವ ಕಲೆಯೂ, ಅಂದರೆ ಫೈಬ್ರೋಸಿಸ್ಸೂ ಜಾಸ್ತಿ ಇತ್ತು. ಇಲ್ಲಿ ಗಮನಿಸಬೇಕಾದದ್ದು ಜೀನೋಟೈಪ್ 3. ಅದು ಹಿಡಿದವರಲ್ಲಿ ಜೀನಿನ ಪ್ರಭಾವ ಅಷ್ಟಾಗಿ ಎದ್ದು ಕಾಣುವುದಿಲ್ಲ, ವೈರಸ್ಸೇ ಅಷ್ಟು ಕೊಬ್ಬು ಪೇರಿಸಿರುವಾಗ ಜೀನಿಗೆ ಮಾಡಲು ಉಳಿಯುವುದು ಕಡಿಮೆ. ಉಳಿದ ಬಗೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹೆಪಟೈಟಿಸ್ ಬಿ ರೋಗಿಗಳ ಮೇಲೆ ಇಟಲಿಯಲ್ಲಿ 2013ರಲ್ಲಿ ಬಂದ ಅಧ್ಯಯನ ಇನ್ನೂ ಸ್ವಾರಸ್ಯಕರ. ಜೀನ್ ಮತ್ತು ಕೊಬ್ಬಿಗೆ ಸಂಬಂಧ ಇತ್ತು, ನಿಜ. ಆದರೆ ತೀವ್ರ ಕೊಬ್ಬು ಕಂಡದ್ದು ಮುಖ್ಯವಾಗಿ ತೂಕ ಜಾಸ್ತಿ ಇದ್ದವರಲ್ಲಿ. ಜೀನ್ ಇದ್ದೂ ತೂಕ ಹತೋಟಿಯಲ್ಲಿ ಇದ್ದವರಲ್ಲಿ ಅದರ ಸದ್ದು ಕಡಿಮೆ. 2017ರಲ್ಲಿ ಡಲ್ಲಾಸ್ ಮತ್ತು ಡೆನ್ಮಾರ್ಕಿನ ಮಾಹಿತಿ ಇಟ್ಟುಕೊಂಡು ದೊಡ್ಡ ಮಟ್ಟದಲ್ಲಿ ನೋಡಿದಾಗಲೂ ಇದೇ ಕಂಡಿತು: ಬೊಜ್ಜು ಏರಿದಂತೆ ಈ ಜೀನಿನ ಅಪಾಯ ಬರೀ ಕೂಡುವುದಿಲ್ಲ, ಗುಣಿಸುತ್ತದೆ.

ಕುಡಿತದ ಜೊತೆಗೂ ಹಾಗೆಯೇ. ಕುಡಿಯುವವರಲ್ಲಿ ಯಾರಿಗೆ ಸಿರೋಸಿಸ್ ಬರುತ್ತದೆ ಅನ್ನುವುದನ್ನು ಹೇಳುವ ಜೀನ್‌ಗಳ ಪಟ್ಟಿಯಲ್ಲಿ ಪಿಎನ್‌ಪಿಎಲ್‌ಎ3 ಮೊದಲನೆಯದು. "ವಾರಕ್ಕೊಂದ್ಸಲ ಅಷ್ಟೇ, ಅದೂ ಬಿಯರ್" ಅನ್ನುವ ಹೆಪಟೈಟಿಸ್ ಬಿ ರೋಗಿಗೆ ವೈದ್ಯರು ಅದನ್ನೂ ಬಿಡಿ ಅಂದರೆ ಅತಿ ಮಾಡಿದರು ಅಂತ ಬೇಜಾರಾಗುತ್ತದೆ. ಆದರೆ ಅವರು ಹೇಳುವುದರಲ್ಲಿ ಲೆಕ್ಕ ಇದೆ, ಯಾರ ಒಳಗೆ ಯಾವ ಜೀನ್ ಕೂತಿದೆ ಅಂತ ಮುಖ ನೋಡಿ ಹೇಳಲು ಆಗುವುದಿಲ್ಲ.

ಇನ್ನೊಂದು ಜೀನ್ ಬಗ್ಗೆ ಹೇಳಲೇಬೇಕು, ಯಾಕೆಂದರೆ ಅದು ರಿಪೋರ್ಟ್ ಓದುವವರನ್ನು ಏಮಾರಿಸುತ್ತದೆ. ಟಿಎಂ6ಎಸ್‌ಎಫ್2, 2014ರಲ್ಲಿ ಬೆಳಕಿಗೆ ಬಂದದ್ದು. ಇದರ ಒಂದು ಬದಲಾವಣೆಯಿಂದ ಲಿವರ್ ಕೊಬ್ಬನ್ನು ವಿಎಲ್‌ಡಿಎಲ್ ಮೂಲಕ ಹೊರಗೆ ಕಳಿಸುವುದು ಕುಂಠಿತವಾಗುತ್ತದೆ. ಲಿವರ್‌ನಲ್ಲಿ ಉಳಿದದ್ದು ರಕ್ತದಲ್ಲಿ ಇಲ್ಲ, ಹಾಗಾಗಿ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎರಡೂ ಚೆನ್ನಾಗಿ ಬರುತ್ತವೆ. ಹೃದಯಕ್ಕೆ ಲಾಭ, ಲಿವರ್‌ಗೆ ನಷ್ಟ. ಹೆಪಟೈಟಿಸ್ ಸಿ ವೈರಸ್ಸೂ ಸುಮಾರು ಇದನ್ನೇ ಮಾಡುತ್ತದೆ, ಸಿ ಇರುವವರ ಕೊಲೆಸ್ಟ್ರಾಲ್ ಸಾಮಾನ್ಯವಾಗಿ ಕಡಿಮೆ ಇರುತ್ತದೆ. "ಲಿಪಿಡ್ ಪ್ರೊಫೈಲ್ ನಾರ್ಮಲ್ ಬಂದಿದೆ, ಹಂಗಾಗಿ ಫ್ಯಾಟಿ ಲಿವರ್ ಚಿಂತೆ ಇಲ್ಲ" ಅನ್ನುವ ಸಮಾಧಾನ ಹೆಪಟೈಟಿಸ್ ರೋಗಿಗಳಿಗೆ ಹೊಂದುವುದಿಲ್ಲ. ವೈರಸ್ ಗುಣವಾದ ಮೇಲೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಏರುವುದೂ ಉಂಟು. ಆಗ ಅದನ್ನು ಇಳಿಸುವ ಸ್ಟ್ಯಾಟಿನ್ ಬರೆದುಕೊಟ್ಟರೆ ಲಿವರ್‌ಗೆ ಹೊಡೆತ ಅಂತ ಹೆದರಿ ಮಾತ್ರೆಯನ್ನು ಡಬ್ಬದಲ್ಲೇ ಇಡುವವರು ಇದ್ದಾರೆ. ಲಿವರ್ ಕೈಕೊಡುವ ಹಂತ ತಲುಪದವರಲ್ಲಿ ಸ್ಟ್ಯಾಟಿನ್ ಸುರಕ್ಷಿತ, ಸುಮ್ನೆ ಹೆದರುವುದು ಬೇಡ.

ಹಾಗಾದರೆ ಜೀನ್ ಟೆಸ್ಟ್ ಮಾಡಿಸಬೇಕಾ? ಉಗುಳು ಕಳಿಸಿದರೆ ಸಾಕು, ಹೃದಯ, ಲಿವರ್, ಕೂದಲು ಎಲ್ಲದರ ಭವಿಷ್ಯ ಹೇಳುತ್ತೇವೆ ಅನ್ನುವ ಜಾಹೀರಾತುಗಳು ಮೊಬೈಲ್ ತುಂಬಾ ಇವೆ. ಇದಕ್ಕೆ ಉತ್ತರ ಕೊಡುವ ಮೊದಲು ಒಂದು ಹಳೆಯ ಘಟನೆ ನೋಡಿ. 2009ರಲ್ಲಿ ಐಎಲ್28ಬಿ ಅನ್ನುವ ಜೀನಿನ ಹತ್ತಿರದ ಒಂದು ವ್ಯತ್ಯಾಸ ಭಾರೀ ಸುದ್ದಿ ಮಾಡಿತು. ಆಗ ಹೆಪಟೈಟಿಸ್ ಸಿಗೆ ಇದ್ದ ಚಿಕಿತ್ಸೆ ವಾರಕ್ಕೊಂದು ಇಂಟರ್‌ಫೆರಾನ್ ಇಂಜೆಕ್ಷನ್, ಜೊತೆಗೆ ರಿಬಾವಿರಿನ್ ಮಾತ್ರೆ, ಆರು ತಿಂಗಳಿಂದ ಒಂದು ವರ್ಷ. ಜ್ವರ, ಮೈಕೈ ನೋವು, ಖಿನ್ನತೆ, ಕೂದಲು ಉದುರುವುದು, ಇಷ್ಟೆಲ್ಲ ಅನುಭವಿಸಿದ ಮೇಲೂ ಎಷ್ಟೋ ಜನರಿಗೆ ವಾಸಿ ಆಗುತ್ತಿರಲಿಲ್ಲ. ಯಾರಿಗೆ ಆಗುತ್ತದೆ ಅಂತ ಈ ಜೀನ್ ಮೊದಲೇ ಹೇಳುತ್ತಿತ್ತು. ಟೆಸ್ಟಿಗೆ ಬೇಡಿಕೆಯೋ ಬೇಡಿಕೆ. ನಾಲ್ಕೇ ವರ್ಷ. 2013ರ ಕೊನೆಗೆ ಅಮೆರಿಕದಲ್ಲಿ ಸೊಫೊಸ್‌ಬುವಿರ್ ಬಂತು, 2015ರಲ್ಲಿ ಭಾರತದ ಕಂಪನಿಗಳ ಅಗ್ಗದ ಮಾತ್ರೆಗಳು ಬಂದವು, ಹನ್ನೆರಡು ವಾರದಲ್ಲಿ ಶೇ. 90ಕ್ಕೂ ಹೆಚ್ಚು ಜನ ವಾಸಿಯಾಗತೊಡಗಿದರು. ಯಾವ ಜೀನ್ ಇದ್ದರೂ ಸರಿ. ಆ ಟೆಸ್ಟನ್ನು ಈಗ ಯಾರೂ ಕೇಳುವುದಿಲ್ಲ. ಜೀನ್ ಬದಲಾಗಿರಲಿಲ್ಲ, ಚಿಕಿತ್ಸೆ ಬದಲಾಗಿತ್ತು.

ಪಿಎನ್‌ಪಿಎಲ್‌ಎ3 ಟೆಸ್ಟ್ ಬಗ್ಗೆ ನನ್ನ ಅಭಿಪ್ರಾಯ ಇದರಿಂದಲೇ ಬಂದದ್ದು. ಸಂಶೋಧನೆಗೆ ಅದು ಬೇಕು. ರೋಗಿಗೆ ಇವತ್ತಿನ ಮಟ್ಟಿಗೆ ಅದರಿಂದ ಬದಲಾಗುವುದು ಏನೂ ಇಲ್ಲ. ಪಾಸಿಟಿವ್ ಬಂದರೂ ವೈದ್ಯರು ಹೇಳುವುದು ತೂಕ ಇಳಿಸಿ, ಕುಡಿಯಬೇಡಿ, ಮಾತ್ರೆ ತಪ್ಪಿಸಬೇಡಿ ಅಂತ. ನೆಗೆಟಿವ್ ಬಂದರೂ ಅದನ್ನೇ. ಸಾವಿರಾರು ರೂಪಾಯಿ ಅಲ್ಲಿ ಸುರಿಯುವ ಬದಲು ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿ, ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ನೋಡಿ.

ಜೀನ್ ಇದೆ ಅಂದಮೇಲೆ ಪ್ರಯತ್ನ ಪಟ್ಟು ಏನು ಉಪಯೋಗ ಅನ್ನುವವರಿಗೆ ಹೆಲ್ಸಿಂಕಿಯ ಒಂದು ಸಣ್ಣ ಅಧ್ಯಯನದ ಬಗ್ಗೆ ಹೇಳಬೇಕು. 2011ರದ್ದು. ಎರಡು ಪ್ರತಿ ಇರುವವರು, ಒಂದೂ ಇಲ್ಲದವರು, ಒಟ್ಟು 18 ಜನ. ಆರು ದಿನ ಅನ್ನ, ಬ್ರೆಡ್, ಸಕ್ಕರೆಯಂಥದ್ದನ್ನು ತೀರಾ ಕಡಿಮೆ ಮಾಡಿ ಅಳತೆ ಊಟ ಕೊಟ್ಟರು. ತೂಕ ಎರಡು ಗುಂಪಿನಲ್ಲೂ ಹೆಚ್ಚುಕಡಿಮೆ ಒಂದೇ ಥರ ಇಳಿಯಿತು. ಲಿವರ್ ಕೊಬ್ಬು ಮಾತ್ರ ಜೀನ್ ಇಲ್ಲದವರಲ್ಲಿ ಶೇ. 18 ಇಳಿದರೆ, ಜೀನ್ ಇದ್ದವರಲ್ಲಿ ಶೇ. 45 ಇಳಿಯಿತು! ಮುಂದೆ ಹಾಂಕಾಂಗ್‌ನಲ್ಲಿ ಒಂದು ವರ್ಷದ ಪ್ರಯೋಗದಲ್ಲೂ ಜೀನ್ ಇದ್ದವರಿಗೇ ಊಟ, ವ್ಯಾಯಾಮದಿಂದ ಹೆಚ್ಚು ಲಾಭ ಆಯಿತು. ಇವರು ಹೆಪಟೈಟಿಸ್ ರೋಗಿಗಳಾಗಿರಲಿಲ್ಲ ಅನ್ನುವುದು ನೆನಪಿರಲಿ. ಆದರೂ ದಿಕ್ಕು ಸ್ಪಷ್ಟ. ಬೇಗ ಕೊಬ್ಬು ತುಂಬಿಕೊಳ್ಳುವ ಲಿವರ್, ಕೈ ಬಿಗಿ ಹಿಡಿದರೆ ಬೇಗ ಖಾಲಿಯೂ ಆಗುತ್ತದೆ.

ಇಲ್ಲಿ ನಮ್ಮೂರಿನ ಒಂದು ಅಭ್ಯಾಸದ ಬಗ್ಗೆ ಮಾತಾಡದೆ ಇರಲಾಗದು. ಕಾಮಾಲೆ ಪಥ್ಯ. ಲಿವರ್ ಅಂದ ತಕ್ಷಣ ಮನೆಯಲ್ಲಿ ಎಣ್ಣೆ, ಜಿಡ್ಡು, ಮೊಟ್ಟೆ, ಮೀನು ಎಲ್ಲ ಬಂದ್. ಅದರ ಬದಲಿಗೆ ಗ್ಲುಕೋಸ್ ನೀರು, ಕಬ್ಬಿನ ಹಾಲು, ಗಂಜಿ, ಬ್ರೆಡ್ಡು, ಬಿಳಿ ಅನ್ನಕ್ಕೆ ಮಜ್ಜಿಗೆ. ಹೆಪಟೈಟಿಸ್ ಎ ಅಥವಾ ಇ ಬಂದು ವಾಂತಿ ಮಾಡಿಕೊಂಡು ಮಲಗಿದವನಿಗೆ ಎರಡು ಮೂರು ವಾರ ಏನು ಒಗ್ಗುತ್ತದೋ ಅದನ್ನು ತಿನ್ನಲಿ, ತಕರಾರಿಲ್ಲ. ಆದರೆ ಬಿ ಅಥವಾ ಸಿ ವರ್ಷಗಟ್ಟಲೆ ಇರುವ ಕಾಯಿಲೆ. ಅದಕ್ಕೂ ಇದೇ ಪಥ್ಯ ಹಿಡಿದು ಕೂತರೆ ಪ್ರೋಟೀನ್ ಇಲ್ಲದೆ ಸ್ನಾಯು ಕರಗುತ್ತದೆ, ಪಿಷ್ಟ ಸಕ್ಕರೆಯಿಂದ ಲಿವರ್ ಕೊಬ್ಬು ತಯಾರಿಸುತ್ತಾ ಹೋಗುತ್ತದೆ. ಲಿವರ್ ಉಳಿಸಲು ಅಂತ ಶುರು ಮಾಡಿದ ಪಥ್ಯವೇ ಫ್ಯಾಟಿ ಲಿವರ್ ತಂದಿಡುತ್ತದೆ. ಸಕ್ಕರೆ ಹಾಕದ ಒಂದೆರಡು ಲೋಟ ಫಿಲ್ಟರ್ ಕಾಫಿ ಇದಕ್ಕಿಂತ ಎಷ್ಟೋ ವಾಸಿ. ಕಾಫಿ ಕುಡಿಯುವವರಲ್ಲಿ ಫೈಬ್ರೋಸಿಸ್ಸೂ ಲಿವರ್ ಕ್ಯಾನ್ಸರೂ ಕಡಿಮೆ ಅಂತ ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ, ಚಿಕ್ಕಮಗಳೂರಿನವರು ಖುಷಿ ಪಡಬಹುದು.

ನಾಟಿ ಔಷಧದ ಬಗ್ಗೆ ಎರಡು ಮಾತು. ನೆಲನೆಲ್ಲಿ ಹೆಪಟೈಟಿಸ್ ಬಿಯನ್ನು ಓಡಿಸುತ್ತದೆ ಅನ್ನುವ ನಂಬಿಕೆಗೆ ಒಂದು ಮೂಲ ಇದೆ. ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು 1988ರಲ್ಲಿ ಲ್ಯಾನ್ಸೆಟ್‌ನಲ್ಲಿ ಅಂಥ ಫಲಿತಾಂಶ ಪ್ರಕಟಿಸಿದ್ದರು, ಬಿ ವೈರಸ್ ಕಂಡುಹಿಡಿದು ನೊಬೆಲ್ ಪಡೆದ ಬ್ಲಂಬರ್ಗ್ ಕೂಡ ಆ ತಂಡದಲ್ಲಿದ್ದರು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಆ ಫಲಿತಾಂಶ ಮತ್ತೆ ಸಿಗಲಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಕೆಟ್ಟವರ ವರದಿ 2021ರಲ್ಲಿ ಮುಂಬೈನಿಂದ ಬಂತು. ಈಗಾಗಲೇ ವೈರಸ್ಸೂ ಕೊಬ್ಬೂ ಕೂತಿರುವ ಲಿವರ್ ಮೇಲೆ ಪ್ರಯೋಗ ಬೇಡ.

ಲಿವರ್‌ನಲ್ಲಿ ಫೈಬ್ರೋಸಿಸ್ ಎಷ್ಟಿರಬಹುದು ಅಂತ ನಾವು ಕೈಯಾರೆ ನೋಡಬಹುದಾದ ಒಂದು ಲೆಕ್ಕ ಇದೆ, ಫಿಬ್-4. ಇದಕ್ಕೆ ದುಡ್ಡು ಬೇಡ, ಇರುವ ರಿಪೋರ್ಟ್ ಸಾಕು. ಹೆಪಟೈಟಿಸ್ ಬಿ ಇರುವ 48 ವರ್ಷದ ಒಬ್ಬರ ರಿಪೋರ್ಟ್ ಹೀಗಿದೆ ಅಂದುಕೊಳ್ಳಿ: ಎಸ್‌ಜಿಒಟಿ (ಎಸ್‌ಜಿಪಿಟಿಯಂಥದ್ದೇ ಇನ್ನೊಂದು ಕಿಣ್ವ) 46, ಎಸ್‌ಜಿಪಿಟಿ 58, ಪ್ಲೇಟ್‌ಲೆಟ್ 1.9 ಲಕ್ಷ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, 2208. ಈಗ ಎಸ್‌ಜಿಪಿಟಿಯ ವರ್ಗಮೂಲ, ಸುಮಾರು 7.62. ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿ ಹಿಡಿಯಬೇಕು, ಅಂದರೆ 190. ಎರಡನ್ನೂ ಗುಣಿಸಿದರೆ ಸುಮಾರು 1448. ಮೊದಲ ಸಂಖ್ಯೆಯನ್ನು ಇದರಿಂದ ಭಾಗಿಸಿದರೆ 1.5 ಬರುತ್ತದೆ. 1.45ಕ್ಕಿಂತ ಕಡಿಮೆ ಬಂದರೆ ತೀವ್ರ ಫೈಬ್ರೋಸಿಸ್ ಇರುವ ಸಾಧ್ಯತೆ ಕಡಿಮೆ, 3.25 ದಾಟಿದರೆ ಜಾಸ್ತಿ. ಫ್ಯಾಟಿ ಲಿವರ್‌ಗೆ ಬಳಸುವಾಗ ಈ ಗೆರೆಗಳನ್ನು 1.3, 2.67 ಅಂತ ಹಿಡಿಯುತ್ತಾರೆ. ಇವರದ್ದು ಯಾವ ಗೆರೆ ಹಿಡಿದರೂ ನಡುವಿನಲ್ಲಿ ಬಿತ್ತು, ಅಂದರೆ ಫೈಬ್ರೋಸ್ಕ್ಯಾನ್ ಬೇಕು. 35ಕ್ಕಿಂತ ಚಿಕ್ಕವರಲ್ಲಿ, 65 ದಾಟಿದವರಲ್ಲಿ ಈ ಲೆಕ್ಕ ಅಷ್ಟು ನಂಬಿಕೆಗೆ ಬಾರದು. ಇನ್ನೊಂದು ವಿಷಯ. ನಮ್ಮ ಲ್ಯಾಬ್ ರಿಪೋರ್ಟ್‌ಗಳಲ್ಲಿ ಎಸ್‌ಜಿಪಿಟಿ 40, 45, ಕೆಲವು ಕಡೆ 50ರವರೆಗೂ ನಾರ್ಮಲ್ ಅಂತ ಅಚ್ಚಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೆಪಟೈಟಿಸ್ ಬಿಗೆ ಹಿಡಿದಿರುವ ಮಿತಿ ಗಂಡಸರಿಗೆ 30, ಹೆಂಗಸರಿಗೆ 19. ದಪ್ಪ ಅಕ್ಷರದಲ್ಲಿ ಬಂದಿಲ್ಲ ಅಂತ ನಿರಾಳವಾಗಿ ಮಡಚಿ ಇಟ್ಟ ರಿಪೋರ್ಟನ್ನು ಇನ್ನೊಮ್ಮೆ ತೆಗೆದು ನೋಡಬೇಕಾದೀತು. ತೂಕಕ್ಕೂ ನಮಗೆ ಬೇರೆ ಗೆರೆ ಇದೆ. ಬಿಎಂಐ (ಎತ್ತರಕ್ಕೆ ತಕ್ಕಂತೆ ತೂಕ ನೋಡುವ ಲೆಕ್ಕ) 23 ದಾಟಿದರೆ ಭಾರತೀಯರಿಗೆ ತೂಕ ಜಾಸ್ತಿ, ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫ್ಯಾಟಿ ಲಿವರ್ ಇದ್ದವರಲ್ಲಿ ಮುಕ್ಕಾಲು ಪಾಲು ಜನರ ಬಿಎಂಐ 25ಕ್ಕಿಂತ ಕೆಳಗೇ ಇತ್ತು. ಸಣಕಲು ಮೈ ನೋಡಿ ಕೊಬ್ಬಿಲ್ಲ ಅಂತ ಹೇಳುವಂತಿಲ್ಲ.

ಮನೆಯಲ್ಲಿ ಒಬ್ಬರಿಗೆ ಬಿ ಪಾಸಿಟಿವ್ ಬಂದರೆ ತಾಯಿ, ಒಡಹುಟ್ಟಿದವರು, ಹೆಂಡತಿ ಅಥವಾ ಗಂಡ, ಮಕ್ಕಳು ಎಲ್ಲರಿಗೂ ಎಚ್‌ಬಿಎಸ್‌ಎಜಿ ಟೆಸ್ಟ್ ಆಗಬೇಕು, ಸೋಂಕೂ ಇಲ್ಲ, ರೋಗನಿರೋಧಕ ಶಕ್ತಿಯೂ ಇಲ್ಲ ಅಂತಾದವರಿಗೆ ಮೂರು ಡೋಸ್ ಲಸಿಕೆ. ಹುಟ್ಟುವಾಗ ಸೋಂಕು ತಗುಲಿದ ಮಕ್ಕಳಲ್ಲಿ ಶೇ. 90ರಷ್ಟು ಜನರಿಗೆ ಅದು ಜೀವನಪೂರ್ತಿ ಉಳಿಯುತ್ತದೆ, ದೊಡ್ಡವರಾದ ಮೇಲೆ ತಗುಲಿದರೆ ಉಳಿಯುವುದು ಶೇ. 5ಕ್ಕಿಂತ ಕಡಿಮೆ. ಅದಕ್ಕೇ ಹುಟ್ಟಿದ 24 ಗಂಟೆಯೊಳಗಿನ ಡೋಸ್ ಅಷ್ಟು ಮುಖ್ಯ. ಈ ಲಸಿಕೆ ದೇಶವೆಲ್ಲ ತಲುಪಿದ್ದು 2011ರ ಹೊತ್ತಿಗೆ, ಅದಕ್ಕಿಂತ ದೊಡ್ಡವರು ನಮಗೆ ಆಗಿರುತ್ತದೆ ಬಿಡು ಅನ್ನುವಂತಿಲ್ಲ.

ಸರ್ಕಾರದ ಕಡೆ ಒಂದು ಕೊರತೆ ಇದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ, ಸಿ ಎರಡಕ್ಕೂ ಟೆಸ್ಟ್ ಮತ್ತು ಮಾತ್ರೆ ಉಚಿತ. ಒಳ್ಳೆಯ ಕಾರ್ಯಕ್ರಮ, ಬಳಸಿಕೊಳ್ಳಿ. ಫ್ಯಾಟಿ ಲಿವರ್ ಮಾತ್ರ 2021ರಲ್ಲಿ ಶುಗರ್, ಬಿಪಿ, ಕ್ಯಾನ್ಸರ್ ನೋಡಿಕೊಳ್ಳುವ ಬೇರೆ ಕಾರ್ಯಕ್ರಮಕ್ಕೆ ಸೇರಿತು. ಆಶಾ ಕಾರ್ಯಕರ್ತೆ ಸೊಂಟದ ಅಳತೆ ತೆಗೆದುಕೊಳ್ಳುವುದು ಇದರ ಕೆಳಗೆ. ಒಂದೇ ಲಿವರ್, ಎರಡು ರಿಜಿಸ್ಟರ್, ಎರಡು ಕೌಂಟರ್. ಒಂದು ಕಡೆ ವೈರಲ್ ಲೋಡ್ ಕೇಳುತ್ತಾರೆ, ಇನ್ನೊಂದು ಕಡೆ ಶುಗರ್ ಕೇಳುತ್ತಾರೆ, ಎರಡನ್ನೂ ಒಂದು ಹಾಳೆಯಲ್ಲಿ ಇಟ್ಟು ನೋಡುವ ಕೆಲಸ ರೋಗಿಯ ಪಾಲಿಗೆ ಬೀಳುತ್ತದೆ. ಹೆಪಟೈಟಿಸ್ ಸಿ ಗುಣವಾದವರ ಗತಿಯೂ ಇದೇ. "ವೈರಸ್ ಹೋಯ್ತು, ಇನ್ನು ಬರಬೇಡಿ" ಅಂದರೆ ಮುಗಿಯಲಿಲ್ಲ. ಸಿರೋಸಿಸ್ ಆಗಿದ್ದವರಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಬೇಕೇ ಬೇಕು. ಕೊಬ್ಬು, ಶುಗರ್, ಕೆಟ್ಟ ಜೀನ್ ಇದ್ದವರಲ್ಲಿ ವೈರಸ್ ಹೋದಮೇಲೂ ಲಿವರ್ ಕೆಡುತ್ತಾ ಹೋಗಬಹುದು.

ಪಿಎನ್‌ಪಿಎಲ್‌ಎ3 ಜೀನಿನ ಬಾಯಿ ಮುಚ್ಚಿಸುವ ಔಷಧಗಳು ಈಗ ಮನುಷ್ಯರ ಮೇಲಿನ ಪ್ರಯೋಗದ ಹಂತದಲ್ಲಿವೆ. ಕೊಬ್ಬಿನಿಂದ ಕೆಟ್ಟ ಲಿವರ್‌ಗೆ ರೆಸ್ಮೆಟಿರಾಮ್ ಅನ್ನುವ ಮೊದಲ ಮಾತ್ರೆಗೆ ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಇಂಥ ಪ್ರಯೋಗಗಳಿಗೆ ಜನರನ್ನು ಆರಿಸುವಾಗ ಹೆಪಟೈಟಿಸ್ ಬಿ, ಸಿ ಇರುವವರನ್ನು ಸಾಮಾನ್ಯವಾಗಿ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ, ಲೆಕ್ಕ ಗೋಜಲಾಗುತ್ತದೆ ಅಂತ. ಅವರ ಕಡೆಯಿಂದ ಅದು ಸರಿಯೇ. ಆದರೆ ವೈರಸ್ಸೂ ಕೊಬ್ಬೂ ಎರಡೂ ಇರುವ ಇಲ್ಲಿನ ಲಕ್ಷಾಂತರ ಜನರಿಗೆ ಆ ಔಷಧ ಎಷ್ಟು ಕೆಲಸ ಮಾಡುತ್ತದೆ ಅನ್ನುವುದನ್ನು ಯಾರಾದರೂ ಇಲ್ಲಿಯೇ, ನಮ್ಮ ಆಸ್ಪತ್ರೆಗಳಲ್ಲೇ ನೋಡಬೇಕಾಗುತ್ತದೆ.